ಹಳ್ಳಿ ಡ್ಯೂಟಿ ಒಂದು ವರ್ಷ, ಸಾಲದ ಕಂತು ಹದಿನೈದು ವರ್ಷ

ವೈದ್ಯರೋ ನರ್ಸೋ ಆಸ್ಪತ್ರೆ ಸೌಲಭ್ಯ ಕಡಿಮೆ ಇರುವ ಊರಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದರೆ ಅವರ ಶಿಕ್ಷಣ ಸಾಲದ ಇಷ್ಟು ಪಾಲನ್ನು ಸರ್ಕಾರವೇ ತೀರಿಸುವ ಏರ್ಪಾಡು ಹಲವು ದೇಶಗಳಲ್ಲಿದೆ. ಇದು ಸಾಲಮನ್ನಾ ಅಲ್ಲ. 2018ರ ಬೆಳೆಸಾಲ ಮನ್ನಾ ಕಂಡ ಅರಸೀಕೆರೆಯ ರೈತರಿಗೆ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ: ಮನ್ನಾಗೆ ಕೆಲಸದ ಷರತ್ತಿಲ್ಲ, ಇಲ್ಲಿ ದುಡಿದಷ್ಟೇ ಸಾಲ ಇಳಿಯುತ್ತದೆ. ಕರ್ನಾಟಕದಲ್ಲಿ ಇಂಥ ನೇರ ಯೋಜನೆ ಇಲ್ಲ. ಬ್ಯಾಂಕಿನ ಸಾಲ, ಕೇಂದ್ರದ ಬಡ್ಡಿ ಸಹಾಯಧನ, ರಾಜ್ಯದ ಕಡ್ಡಾಯ ಸೇವೆ ಎಂಬ ಮೂರು ತುಂಡುಗಳಿವೆ. ಮೂರಕ್ಕೂ ಒಂದರ ಸುದ್ದಿ ಇನ್ನೊಂದಕ್ಕಿಲ್ಲ.

ಹಾಸನ ಜಿಲ್ಲೆಯ ಅರಸೀಕೆರೆ-ಬೇಲೂರು ಭಾಗದಲ್ಲಿ ಅದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಅರಸೀಕೆರೆ ರೈಲ್ವೆ ಜಂಕ್ಷನ್ನು, ತೆಂಗಿನ ಬಯಲುಸೀಮೆ. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆ ಕಾಫಿ ತೋಟ, ಜಡಿಮಳೆ, ಕೂಲಿ ಲೈನುಗಳು. ಹಳೇಬೀಡು ಅದೇ ತಾಲ್ಲೂಕಿನ ಹೋಬಳಿ ಕೇಂದ್ರ. ತಾಲ್ಲೂಕು ಆಸ್ಪತ್ರೆ ದಾಟಿದ ಕಾಯಿಲೆಗೆ ಸುಮಾರು 40 ಕಿಲೋಮೀಟರ್ ದೂರದ ಹಾಸನವೇ ಗತಿ. ಅಲ್ಲಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾದದ್ದು 2006ರಲ್ಲಿ. ಬೇಲೂರು, ಹಳೇಬೀಡಿನ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆ ಕೀರ್ತಿ ನೋಡಿ ಪ್ರವಾಸಿಗರು ಬರುತ್ತಾರೆ, ಡಾಕ್ಟರು ಬಂದು ನೆಲೆಸುವುದಿಲ್ಲ.

ಯಾಕೆ ನೆಲೆಸುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಸಾಲದ ಲೆಕ್ಕದಲ್ಲೇ ಇದೆ. ಒಂದು ಉದಾಹರಣೆ: ಎಂಬಿಬಿಎಸ್‌ಗಾಗಿ ವರ್ಷಕ್ಕೆ 2 ಲಕ್ಷದಂತೆ ಐದು ಸಲ, ಒಟ್ಟು 10 ಲಕ್ಷ ರೂಪಾಯಿ, ಶೇಕಡ 10ರ ಬಡ್ಡಿಗೆ ಸಾಲ ಪಡೆದದ್ದಾಯಿತು. ಇಂಟರ್ನ್‌ಷಿಪ್ ಸೇರಿ ಓದು ಐದೂವರೆ ವರ್ಷ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಓದು ಮುಗಿದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಸರಳ ಬಡ್ಡಿ ಹಿಡಿದರೂ ಆ ಆರೂವರೆ ವರ್ಷದಲ್ಲಿ ನಾಲ್ಕೂವರೆ ಲಕ್ಷ ಬೆಳೆದು ಬಾಕಿ 14.5 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಅದನ್ನು 15 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 15,600 ರೂಪಾಯಿ ಕಂತು. ಕೊನೆಗೆ ಕೈಯಿಂದ ಹೋಗುವ ಹಣ ಸುಮಾರು 28 ಲಕ್ಷ. ಖಾಸಗಿ ಕಾಲೇಜಿನ ದುಬಾರಿ ಸೀಟು ಹಿಡಿದವರ ಲೆಕ್ಕ ಇದರ ಹಲವು ಪಟ್ಟು.

ಇದೇ ಹೊತ್ತಿಗೆ ರಾಜ್ಯದ ಕಾನೂನು ಎದುರಾಗುತ್ತದೆ. ವೈದ್ಯಕೀಯ ಕೋರ್ಸ್ ಮುಗಿಸಿದವರ ಕಡ್ಡಾಯ ಸೇವೆಯ ಕಾಯ್ದೆ 2012ರದು, ಜಾರಿಗೆ ಬಂದದ್ದು 2015ರಲ್ಲಿ. ಎಂಬಿಬಿಎಸ್ ಆದವರು ಒಂದು ವರ್ಷ ಸರ್ಕಾರ ತೋರಿಸಿದ ಗ್ರಾಮೀಣ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು; ತಪ್ಪಿಸಿದರೆ 15ರಿಂದ 30 ಲಕ್ಷ ರೂಪಾಯಿ ದಂಡ. ಖಾಲಿ ಹುದ್ದೆ ಇದ್ದಷ್ಟು ಮಂದಿಯನ್ನು ಮಾತ್ರ ಕರೆಯುವಂತೆ ಆಮೇಲೆ ತಿದ್ದುಪಡಿಯಾಯಿತು. ಕಂತಿನ ರಿಯಾಯಿತಿ ಒಂದು ವರ್ಷ, ಕಡ್ಡಾಯ ಸೇವೆಯೂ ಒಂದು ವರ್ಷ. ಹಳ್ಳಿಯ ಡ್ಯೂಟಿ ಮುಗಿಯುವುದಕ್ಕೂ ಬ್ಯಾಂಕಿನ ಮೊದಲ ಕಂತು ಬರುವುದಕ್ಕೂ ಸರಿಹೋಗುತ್ತದೆ. ಹೋಬಳಿಯ ಜನರ ಪರಿಚಯವಾಗಿ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಬಸುರಿಗೆ ರಕ್ತ ಕಡಿಮೆ ಎಂದು ತಿಳಿಯುವ ವೇಳೆಗೆ ಸಾಲ ಅವರನ್ನು ಬೆಂಗಳೂರಿಗೆ ಎಳೆಯುತ್ತದೆ. ದಂಡದ ಭಯ ಒಂದು ವರ್ಷ ಹಿಡಿದಿಡಬಹುದು, ಎರಡನೆಯ ವರ್ಷಕ್ಕೆ ಅದು ಸಾಲದು.

ಬಡ್ಡಿಯ ಸಹಾಯ ಇಲ್ಲವೆಂದಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ವೃತ್ತಿಶಿಕ್ಷಣದ ಸಾಲಕ್ಕೆ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ತುಂಬುವ ಯೋಜನೆ 2009ರಿಂದ ಇದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ, ಆಯ್ದ ಸಂಸ್ಥೆಗಳಲ್ಲಿ ಓದುವ, 8 ಲಕ್ಷದವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡ 3 ಇಳಿಸುತ್ತದೆ. ಎರಡಕ್ಕೂ ಬೇಕಾದ ಆದಾಯ ಪ್ರಮಾಣಪತ್ರ ಸಿಗುವುದು ಹೋಬಳಿಯ ನಾಡಕಚೇರಿಯಲ್ಲಿ. ಆದರೆ ಇವೆಲ್ಲ ಓದುವವರಿಗೆ ಕೊಡುವ ನೆರವು. ಓದಿದ ಮೇಲೆ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿಗೆ ಹೋದರೂ ಬೆಂಗಳೂರಿನ ಜಯನಗರಕ್ಕೆ ಹೋದರೂ ಕಂತು ಒಂದೇ.

ಎಲ್ಲಿ ದುಡಿಯುತ್ತಾರೆ ಎಂಬುದಕ್ಕೆ ಸಾಲವನ್ನು ಜೋಡಿಸಿದ ದೇಶಗಳಿವೆ. ಜಪಾನಿನಲ್ಲಿ ಪ್ರಾಂತ್ಯಗಳೆಲ್ಲ ಸೇರಿ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಕಟ್ಟಿದವು. ಅಲ್ಲಿ ಶುಲ್ಕವನ್ನೇ ಸಾಲವಾಗಿ ಕೊಡುತ್ತಾರೆ. ಆರು ವರ್ಷ ಓದಿದವರು ಒಂಬತ್ತು ವರ್ಷ ತಮ್ಮ ಪ್ರಾಂತ್ಯದಲ್ಲಿ, ಅದರಲ್ಲೂ ಹೆಚ್ಚು ಕಾಲ ಹಳ್ಳಿ-ದ್ವೀಪಗಳ ಕಡೆ ದುಡಿದರೆ ಸಾಲ ಪೂರ್ತಿ ವಜಾ. ನಡುವೆ ಬಿಟ್ಟರೆ ಬಡ್ಡಿಸಮೇತ ಒಂದೇ ಗಂಟಿನಲ್ಲಿ ಕಟ್ಟಬೇಕು. ಅಮೆರಿಕದ ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್‌ನದು ಇನ್ನೊಂದು ದಾರಿ: ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಎರಡು ವರ್ಷದ ಕರಾರು, ಸಾಲ ಉಳಿದಿದ್ದರೆ ಮುಂದುವರಿಕೆ. ಕೆನಡಾ 2013ರಲ್ಲಿ ಆರಂಭಿಸಿದ ಯೋಜನೆ ನರ್ಸ್‌ಗಳನ್ನೂ ಸೇರಿಸಿಕೊಂಡಿತು. ಐದು ವರ್ಷಕ್ಕೆ ವೈದ್ಯರಿಗೆ 40,000 ಡಾಲರ್, ನರ್ಸ್‌ಗಳಿಗೆ 20,000 ಡಾಲರ್‌ವರೆಗೆ ಸಾಲ ವಜಾ ಮಾಡುತ್ತಿದ್ದದ್ದನ್ನು 2023ರಲ್ಲಿ ಒಂದೂವರೆ ಪಟ್ಟು ಏರಿಸಲಾಯಿತು.

ಸೇವೆಗೆ ಪ್ರತಿಫಲ ಕೊಡುವುದು ಇಲ್ಲಿಗೂ ಹೊಸತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಗ್ರಾಮೀಣ ಸೇವೆಯ ಬಾಂಡ್ ಹಳೆಯ ರೂಢಿ. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಪಾಲು ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಹೇಳಿತು. ಹಳ್ಳಿಯಲ್ಲಿ ದುಡಿದವರಿಗೆ ಸೀಟು ಕೊಡಬಹುದಾದರೆ ಕಂತು ಕಟ್ಟಲಾಗದು ಎನ್ನುವುದಕ್ಕೆ ಕಾರಣ ಕಾಣುವುದಿಲ್ಲ. ಮೇಲಿನ ಉದಾಹರಣೆಯ ವೈದ್ಯರು ಹಳೇಬೀಡಿನಲ್ಲಿ ಇನ್ನೂ ಮೂರು ವರ್ಷ ಉಳಿದರೆ ಸರ್ಕಾರ ತುಂಬಬೇಕಾದ ಕಂತು ಒಟ್ಟು 5.6 ಲಕ್ಷ ರೂಪಾಯಿ.

ಇದರಲ್ಲಿ ನರ್ಸ್‌ಗಳ ಮಾತು ಬಂದದ್ದೇ ಕಡಿಮೆ. ಸಾಲ ಮಾಡಿ ನರ್ಸಿಂಗ್ ಓದಿದವರ ಸಂಬಳ ವೈದ್ಯರಿಗಿಂತ ಸಣ್ಣದು, ರಾತ್ರಿ ಹೆರಿಗೆಗೆ ಮೊದಲು ಎದ್ದು ಬರುವವರು ಅವರೇ. ಯೋಜನೆ ಮಾಡುವುದಾದರೆ ಮೊದಲ ಹೆಸರು ಅವರದಾಗಬೇಕು.