ಉಪಪ್ರಶ್ನೆ ಇಲ್ಲದ ಅಧಿವೇಶನ

2020ರಲ್ಲಿ ಅಬು ಹಮೂರ್‌ನ ನಮ್ಮ ಮನೆಗಳಲ್ಲಿ ಕೆಲಸ ಉಳಿಯುತ್ತದೆಯೇ ಎಂಬುದೇ ಮಾತು. ಊರಿನ ಸುದ್ದಿಯೂ ಹಿತವಾಗಿರಲಿಲ್ಲ: ಏಪ್ರಿಲ್‌–ಜೂನ್‌ನಲ್ಲಿ ಭಾರತದ ಜಿಡಿಪಿ ಶೇ 23.9ರಷ್ಟು ಕುಸಿದಿದೆಯೆಂಬ ಅಂದಾಜು ಬಂತು. ಪ್ರಧಾನಿ, ಸಚಿವರನ್ನು ಎದುರಿಗೇ ಕೇಳಬೇಕಾದ ಹೊತ್ತು. ಆದರೆ ಸೆಪ್ಟೆಂಬರ್ 14ಕ್ಕೆ ಆರಂಭವಾದ ಸಂಸತ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಕೂಡಲೇ ಉಪಪ್ರಶ್ನೆ ಬೀಳುತ್ತದೆ. ಸರ್ಕಾರ ತಡವರಿಸುವುದು ಅಲ್ಲೇ ಎಂಬುದು ನನ್ನ ಅನಿಸಿಕೆ. ಚುಕ್ಕೆ ಇಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ. ಆಗ ಉಳಿದದ್ದು ಅದೊಂದೇ. ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು ಎಂದು ಕೇಳಿದ್ದಕ್ಕೆ, ಅಂಥ ಅಂಕಿಅಂಶ ಇಟ್ಟಿಲ್ಲವೆಂದು ಕಾರ್ಮಿಕ ಸಚಿವಾಲಯ ಬರೆದುಕೊಟ್ಟಿತು. ಯಾಕೆ ಇಟ್ಟಿಲ್ಲ ಎಂದು ಸದನದಲ್ಲಿ ಆಗಲೇ ಮರುಪ್ರಶ್ನೆ ಹಾಕಲು ದಾರಿಯಿರಲಿಲ್ಲ.