ಗುಡ್ಡದ ಮಣ್ಣಿನ ಜಮಾ-ಖರ್ಚು

ಇಳಿಜಾರಿನ ಮಣ್ಣು ಸದಾ ಕೆಳಗಿಳಿಯುತ್ತಲೇ ಇರುತ್ತದೆ. ಇದು ಭೂಕುಸಿತದ ಮಾತಲ್ಲ. ಎರೆಹುಳು ಮೇಲೆ ತಂದು ಹಾಕಿದ ಹಿಕ್ಕೆ, ಬುಡಮೇಲಾದ ಮರ ಕಿತ್ತೆಬ್ಬಿಸಿದ ಹೆಂಟೆ, ಮಳೆಹನಿ ಸಿಡಿಸಿದ ಕಣ, ಎಲ್ಲವೂ ಹೆಚ್ಚಾಗಿ ಬೀಳುವುದು ಇಳುಕಲಿನ ಕಡೆಗೇ. ಆ ಹಿಕ್ಕೆ ಇಳಿಜಾರಿನಲ್ಲಿ ಎಷ್ಟು ಜಾರುತ್ತದೆ ಎಂಬ ಲೆಕ್ಕವನ್ನು ಚಾರ್ಲ್ಸ್ ಡಾರ್ವಿನ್ 1881ರಷ್ಟು ಹಿಂದೆಯೇ ಹಾಕಿದ್ದ. ಇಷ್ಟೆಲ್ಲ ಜಾರಿದರೂ ಗುಡ್ಡಗಳು ಬೋಳಾಗಿಲ್ಲ. ಅಡಿಯ ಬಂಡೆ ಸಡಿಲಾಗಿ ಹೊಸ ಮಣ್ಣು ಜಮೆಯಾಗುತ್ತಿದೆ. ಆದರೆ ಎಷ್ಟು ವೇಗವಾಗಿ?

ಮಣ್ಣಿನ ಪದರ ದಪ್ಪವಾದಷ್ಟೂ ಅಡಿಯ ಬಂಡೆ ಒಡೆಯುವುದು ನಿಧಾನವಾಗುತ್ತದೆ ಎಂದು ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1877ರಲ್ಲಿ ವಾದಿಸಿದ. ಗುಡ್ಡದ ನೆತ್ತಿ ದುಂಡಗಿರುವುದಕ್ಕೂ 1909ರಲ್ಲಿ ಕಾರಣ ಕೊಟ್ಟ. ಇಳಿಜಾರಿನ ಪ್ರತಿ ಜಾಗವೂ ತನಗಿಂತ ಮೇಲಿನಿಂದ ಬಂದ ಮಣ್ಣನ್ನೆಲ್ಲ ಮುಂದೆ ಸಾಗಹಾಕಬೇಕು. ಕೆಳಗಿಳಿದಂತೆ ಹೊರೆ ಹೆಚ್ಚುವುದರಿಂದ ಇಳಿಜಾರೂ ಕಡಿದಾಗಬೇಕು. ತರ್ಕವೇನೋ ಗಟ್ಟಿಯಾಗಿತ್ತು, ಅಳೆಯುವ ಸಾಧನ ಇರಲಿಲ್ಲ.

ಅದು ಸಿಕ್ಕಿದ್ದು ಬೆಣಚುಕಲ್ಲಿನಲ್ಲಿ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಬೆಣಚಿನೊಳಗಿನ ಆಮ್ಲಜನಕದ ಪರಮಾಣುಗಳನ್ನು ಒಡೆದು ಬೆರಿಲಿಯಂ-10 ಎಂಬ ವಿಕಿರಣಶೀಲ ಪರಮಾಣುಗಳನ್ನು ಉಂಟುಮಾಡುತ್ತವೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಬೆಣಚಿನಲ್ಲಿ ಹೀಗೆ ಹುಟ್ಟುವುದು ವರ್ಷಕ್ಕೆ ಕೆಲವೇ ಪರಮಾಣುಗಳು. ಆಳಕ್ಕೆ ಹೋದಂತೆ ಅವೂ ಬೇಗನೆ ಕಡಿಮೆಯಾಗುತ್ತವೆ. ಹಾಗಾಗಿ ಬಂಡೆ ನಿಧಾನವಾಗಿ ಮೇಲೆ ಬಂದಿದ್ದರೆ ಅದರಲ್ಲಿ ಬೆರಿಲಿಯಂ ಹೆಚ್ಚು ಕೂಡಿರುತ್ತದೆ, ಬೇಗ ಬಂದಿದ್ದರೆ ಕಡಿಮೆ.

ಅರ್ಜುನ್ ಹೈಮ್‌ಸಾತ್, ವಿಲಿಯಂ ಡೀಟ್ರಿಕ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಟೆನೆಸಿ ವ್ಯಾಲಿಯ ಗುಡ್ಡಗಳಲ್ಲಿ ಈ ವಿಧಾನವನ್ನು ಬಳಸಿದರು. ಅಲ್ಲಿ ಮಣ್ಣನ್ನು ಕೆಳಗೆ ನೂಕುವ ಕೆಲಸದಲ್ಲಿ ದೊಡ್ಡ ಪಾಲು ಗೋಫರ್ ಎಂಬ ಬಿಲ ತೋಡುವ ಪ್ರಾಣಿಯದು. ಬೇರೆ ಬೇರೆ ದಪ್ಪದ ಮಣ್ಣಿನಡಿಯ ಬಂಡೆಯ ಚೂರುಗಳನ್ನು ತಂದು ಪರಮಾಣುಗಳನ್ನು ಎಣಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಲೆಕ್ಕದಂತೆ, ಮೇಲೆ ಮಣ್ಣೇ ಇಲ್ಲದಿದ್ದಾಗ ಬಂಡೆ ಹತ್ತು ಲಕ್ಷ ವರ್ಷಕ್ಕೆ 77 ಮೀಟರ್, ಅಂದರೆ ಸುಮಾರು 130 ವರ್ಷಕ್ಕೆ ಒಂದು ಸೆಂಟಿಮೀಟರ್ ಸವೆದು ಮಣ್ಣಾಗುತ್ತದೆ. ಒಂದು ಮೀಟರ್ ಮಣ್ಣಿದ್ದರೆ ಅಷ್ಟಕ್ಕೇ ಸುಮಾರು 1,300 ವರ್ಷ ಬೇಕು. ಗಿಲ್ಬರ್ಟನ ಒಂದು ಊಹೆಗೆ ಅಂಕಿ ಸಿಕ್ಕಿತು. ಇನ್ನೊಂದಕ್ಕೂ ಬೆಂಬಲ ಸಿಕ್ಕಿತು: ನೆಲದ ಬಾಗು ಹೆಚ್ಚಿದ್ದ ಕಡೆ, ಅಂದರೆ ಇಳಿಜಾರು ಬೇಗ ಬೇಗ ಕಡಿದಾಗುವ ಕಡೆ, ಮಣ್ಣು ತೆಳುವಾಗಿತ್ತು, ಮಣ್ಣು ಹುಟ್ಟುವ ವೇಗಕ್ಕೆ ಬಾಗಿನಿಂದ ಹಾಕಿದ ಲೆಕ್ಕವೂ ಪರಮಾಣುಗಳ ಲೆಕ್ಕಕ್ಕೆ ತಾಳೆಯಾಯಿತು.

ಅಂದರೆ ಗುಡ್ಡ ತನ್ನ ಖಾತೆಯನ್ನು ತಾನೇ ಸರಿದೂಗಿಸುತ್ತದೆ. ಮಣ್ಣು ತೆಳುವಾದರೆ ಜಮೆ ಹೆಚ್ಚುತ್ತದೆ, ದಪ್ಪವಾದರೆ ತಗ್ಗುತ್ತದೆ. ಆದರೆ ಆ ಹೆಚ್ಚಳಕ್ಕೂ ಮಿತಿ ಉಂಟು, ಅದನ್ನು ದಾಟುವುದು ಉತ್ತ ನೆಲ. ಭಾರತದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್‌ಗಿಂತ ಹೆಚ್ಚು ಮಣ್ಣು ಕೊಚ್ಚಿಹೋಗುತ್ತದೆ ಎಂಬುದು 1983ರ ಅಂದಾಜು. ಪದರದ ಲೆಕ್ಕದಲ್ಲಿ ಅದು ಒಂದು ಮಿಲಿಮೀಟರಿಗೂ ಮಿಗಿಲು. ಟೆನೆಸಿ ವ್ಯಾಲಿಯ ಬಂಡೆ ಅತಿ ವೇಗದಲ್ಲಿ ಸವೆದರೂ ವರ್ಷಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ನಮ್ಮ ಬಂಡೆ ಬೇರೆ, ಮಳೆ ಬೇರೆ, ನಿಜ. ಆದರೂ ಅಂತರ ಸಣ್ಣದಲ್ಲ.

ಬಂಡೆಯನ್ನು ಅವಸರಪಡಿಸುವ ಉಪಾಯ ಯಾರಿಗೂ ಗೊತ್ತಿಲ್ಲ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕುವುದು, ಬದುವಿನ ಮೇಲೆ ಹುಲ್ಲು ಬೆಳೆಸುವುದು, ಇವೆಲ್ಲ ಖರ್ಚಿಗೆ ಕಡಿವಾಣ ಹಾಕುವ ಕೆಲಸಗಳು. ರೈತನ ಕೈಯಲ್ಲಿರುವುದು ಆ ಬದಿಯ ಲೆಕ್ಕ ಮಾತ್ರ.