ಹೆಗಲಿಗೇರುವ ಹ್ಯಾಮಂಡ್

ಪ್ರಶ್ನೆ: ಹಳೆಯ ಹ್ಯಾಮಂಡ್ ಆರ್ಗನ್ನಿನ ನಾದ ಕೊಡುವ, ಹೊತ್ತೊಯ್ಯಬಲ್ಲ ಕೀಬೋರ್ಡ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಮೊದಲು ಡ್ರಾಬಾರ್ ನೋಡಿ. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ಆರ್ಗನ್ನಿನಲ್ಲಿ ಪುಟ್ಟ ಲೋಹಚಕ್ರಗಳು ಕಾಂತದ ಮುಂದೆ ತಿರುಗಿ ಸ್ವರ ಹುಟ್ಟಿಸುತ್ತಿದ್ದವು. ಮುಂದೆ ಬಂದ ಬಿ-3 ಮಾದರಿಯಲ್ಲಿ ಅಂಥವು 91. ಯಾವ ಸ್ವರಾಂಶ ಎಷ್ಟು ಬೆರೆಯಬೇಕೆಂದು ತೀರ್ಮಾನಿಸುವುದು ಒಂಬತ್ತು ಡ್ರಾಬಾರ್‌ಗಳು. ಬಲಗೈ ನುಡಿಸುತ್ತಿರುವಾಗಲೇ ಎಡಗೈಯಿಂದ ಅವನ್ನು ಎಳೆಯುವುದು, ತಳ್ಳುವುದು ಈ ವಾದ್ಯದ ಜೀವ. ಹಾಗಾಗಿ ಬಟನ್ ಬೇಡ, ನಿಜವಾಗಿ ಜಾರುವ ಪಟ್ಟಿಗಳೇ ಇರಲಿ.

ಕೀಲಿಯ ಅಂಚನ್ನು ಬೆರಳಿಂದ ಸವರಿ ನೋಡಿ. ಚಾಚಿದ ತುಟಿಯಿಲ್ಲದೆ ದುಂಡಗೆ ಕೆಳಗಿಳಿದಿದ್ದರೆ ಅದು ‘ವಾಟರ್‌ಫಾಲ್’ ಕೀಲಿ. ಅಂಗೈಯನ್ನು ಉದ್ದಕ್ಕೂ ಉಜ್ಜಿಕೊಂಡು ಹೋದರೂ ಚುಚ್ಚುವುದಿಲ್ಲ. ಪಿಯಾನೊದಂಥ ಭಾರದ ಕೀಲಿ ಇಲ್ಲಿ ಕೈಕಟ್ಟುತ್ತದೆ. 61 ಕೀಲಿ ಸಾಕು.

ಅಂಗಡಿಯಲ್ಲೇ, ಸ್ವರದ ಆರಂಭಕ್ಕೆ ‘ಟಿಂಗ್’ ಸೇರಿಸುವ ‘ಪರ್ಕಶನ್’ ಹಾಕಿ, ಒಂದು ಕೀಲಿ ಒತ್ತಿಹಿಡಿದು ಇನ್ನೊಂದನ್ನು ಒತ್ತಿ. ಮೂಲ ವಾದ್ಯದಲ್ಲಿ ಆ ದನಿ ಮೊದಲ ಕೀಲಿಗಷ್ಟೇ ಬರುತ್ತದೆ; ಎರಡನೆಯದಕ್ಕೂ ಬಂದರೆ ಅನುಕರಣೆ ಸಡಿಲ ಎಂದೇ ಲೆಕ್ಕ. ಆಮೇಲೆ, ಹ್ಯಾಮಂಡ್ ಜೊತೆ ಬಳಸುವ, ತಿರುಗುವ ಲೆಸ್ಲಿ ಸ್ಪೀಕರಿನ ಅನುಕರಣೆಯನ್ನು ನಿಧಾನದಿಂದ ವೇಗಕ್ಕೆ ಬದಲಿಸಿ, ಕಣ್ಣುಮುಚ್ಚಿ ಕೇಳಿ: ಮೇಲಿನ ಹಾರ್ನ್ ಬೇಗ ವೇಗ ಹಿಡಿಯಬೇಕು, ಕೆಳಗಿನ ಬಾಸ್ ಹಿಂದೆ ಉಳಿದು ನಿಧಾನವಾಗಿ ಬಂದು ಸೇರಬೇಕು. ನನ್ನ ಮಟ್ಟಿಗೆ ಇದೇ ನಿರ್ಣಾಯಕ. ಇದು ಚೆನ್ನಾಗಿದ್ದರೆ ಉಳಿದ ನೂರು ದನಿಗಳಿಲ್ಲದಿದ್ದರೂ ಕೊಳ್ಳಿ.